ಮಾಂಟ್ರೋಸ್ ಮರಳಿನ ಕಾವಲುಗಾರರು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಚಿಕಾಗೋ ನಗರ ಮಿಶಿಗನ್ ಸರೋವರದ ದಂಡೆಯಲ್ಲಿದೆ. ಸರೋವರವೆಂದರೂ ಆಚೆ ದಡ ಕಾಣದಷ್ಟು ವಿಸ್ತಾರ. ಅಲೆಯೂ ಉಂಟು, ಮರಳತೀರವೂ ಉಂಟು. ಬೇಸಿಗೆಯ ರಜಾದಿನಗಳಲ್ಲಿ ಅಲ್ಲಿನ ಮಾಂಟ್ರೋಸ್ ಬೀಚಿನಲ್ಲಿ ಜನವೋ ಜನ. 2019ರಲ್ಲಿ ಆ ಜನರ ನಡುವೆಯೇ ಒಂದು ಜೋಡಿ ಹಕ್ಕಿ ಸಂಸಾರ ಹೂಡಿತು.

ಹಕ್ಕಿಯ ಹೆಸರು ಪೈಪಿಂಗ್ ಪ್ಲೋವರ್. ನಮ್ಮ ಟಿಟ್ಟಿಭದ ಕುಲಕ್ಕೇ ಸೇರಿದ್ದು, ಗಾತ್ರದಲ್ಲಿ ಗುಬ್ಬಚ್ಚಿಗಿಂತ ತುಸು ದೊಡ್ಡದು. ಒಣಮರಳಿನ ಬಣ್ಣದ ಬೆನ್ನು, ಕೊರಳಿಗೊಂದು ಕಪ್ಪು ಪಟ್ಟಿ, ಕಿತ್ತಳೆ ಬಣ್ಣದ ಕಾಲು. ಗೂಡೆಂದರೆ ಮರಳು ಕೆದರಿ ಮಾಡಿದ ತಗ್ಗು, ಅಷ್ಟೇ. ಅದರೊಳಗಿನ ನಾಲ್ಕು ಮೊಟ್ಟೆಗಳೂ ಮರಳಿನ ಬಣ್ಣದವೇ. ಶತ್ರುವಿನ ಕಣ್ಣು ತಪ್ಪಿಸಲು ಬಂದ ಈ ಬಣ್ಣವೇ ಜನ ತುಂಬಿದ ಬೀಚಿನಲ್ಲಿ ಮುಳುವಾಗುತ್ತದೆ. ಕಾಣದ್ದನ್ನು ತುಳಿಯದೆ ನಡೆಯುವುದು ಹೇಗೆ? ಗಂಡು ಹೆಣ್ಣು ಸರದಿಯಲ್ಲಿ ನಾಲ್ಕು ವಾರ ಕಾವು ಕೊಡುತ್ತವೆ. ನಾಯಿ ಹತ್ತಿರ ಬಂದರೆ ಎದ್ದು, ರೆಕ್ಕೆ ಮುರಿದಂತೆ ನಟಿಸುತ್ತ ಅದನ್ನು ದೂರ ಸೆಳೆಯುತ್ತವೆ. ಅಷ್ಟರಲ್ಲಿ ಮೊಟ್ಟೆ ಬಿಸಿಲಿಗೆ ಕೆಟ್ಟರೂ ಕೆಟ್ಟೀತು. ಮರಿಗಳಂತೂ ಹುಟ್ಟಿದ ಕೆಲವೇ ಗಂಟೆಗಳಲ್ಲಿ ಓಡತೊಡಗುತ್ತವೆ. ಹಾರಲು ಮಾತ್ರ ಇನ್ನೂ ಸುಮಾರು ನಾಲ್ಕು ವಾರ ಬೇಕು. ಗೂಡಿನ ಸುತ್ತ ಕಟ್ಟಿದ ಹಗ್ಗದ ಬೇಲಿ ದಾಟಬೇಡಿ ಎಂದು ಅವಕ್ಕೆ ಹೇಳುವವರಾರು?

ಹೇಳಬೇಕಾದದ್ದು ಮನುಷ್ಯರಿಗೆ. ಆ ಕೆಲಸಕ್ಕೆ ಸ್ವಯಂಸೇವಕರು ನಿಂತರು. ಮಿಶಿಗನ್ ಸೇರಿದಂತೆ ಉತ್ತರ ಅಮೆರಿಕದ ಐದು ಮಹಾಸರೋವರಗಳ ತೀರದಲ್ಲಿ ಗೂಡು ಮಾಡುವ ಈ ಹಕ್ಕಿಯನ್ನು 1986ರಲ್ಲೇ ಅಳಿವಿನಂಚಿನ ಪಟ್ಟಿಗೆ ಸೇರಿಸಲಾಗಿತ್ತು. 1990ರ ಸುಮಾರಿಗೆ ಉಳಿದಿದ್ದದ್ದು ಹನ್ನೆರಡು ಹದಿಮೂರು ಜೋಡಿ. ಹಾಗಾಗಿ ಒಂದೊಂದು ಗೂಡಿಗೂ ಬೆಲೆಯಿತ್ತು. ಮಾಂಟಿ ಮತ್ತು ರೋಸ್ ಎಂದು ಹೆಸರು ಪಡೆದ ಆ ಜೋಡಿಯ ಮೊದಲ ಗೂಡಿಗೆ ಸರೋವರದ ನೀರೇ ಅಪಾಯ ತಂದು, ಮೊಟ್ಟೆಗಳನ್ನು ತೆಗೆಯಬೇಕಾಯಿತು. ಅವು ಮತ್ತೆ ಗೂಡು ಮಾಡಿದವು. ಅದೇ ಬೀಚಿನಲ್ಲಿ ಆಗಸ್ಟ್‌ಗೆ ನಿಗದಿಯಾಗಿದ್ದ ದೊಡ್ಡ ಸಂಗೀತೋತ್ಸವ ರದ್ದಾಯಿತು. ಬೀಚಿಗೆ ಬಂದವರಿಗೆ ಸ್ವಯಂಸೇವಕರು ತಾಳ್ಮೆಯಿಂದ ವಿವರಿಸುತ್ತಿದ್ದರು: ಇಲ್ಲಿ ಮರಿಗಳಿವೆ, ದಯವಿಟ್ಟು ಆ ಕಡೆಯಿಂದ ಹೋಗಿ. ಆ ವರ್ಷ ಎರಡು ಮರಿಗಳು ಹಾರಿದವು.

ಈ ಮಾತಿನ ಕೆಲಸ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ. ಸಾರ್ವಜನಿಕ ತೀರ ಎಲ್ಲರದು. ರಜೆಗೆಂದು ಬಂದವರನ್ನು ಗದರಿಸಿ ಓಡಿಸಿದರೆ ಅವರು ಹಕ್ಕಿಯನ್ನೇ ದ್ವೇಷಿಸಿಯಾರು. ನಮ್ಮ ಹೊನ್ನಾವರದ ಕಾಸರಕೋಡಿನಲ್ಲಿ ಕಡಲಾಮೆಯ ಮೊಟ್ಟೆಗಳ ಸುತ್ತ ಬೇಲಿ ಹಾಕಿ ಕಾಯುವಾಗಲೂ ಅಲ್ಲಿನ ಮೀನುಗಾರರು ಜೊತೆಗೆ ನಿಲ್ಲುತ್ತಾರೆ. ತೀರವನ್ನು ಬಳಸುವವರೇ ಕಾವಲಿಗೆ ನಿಂತಾಗ ಅದರ ಬಲವೇ ಬೇರೆ.

ಕಾವಲಿದ್ದೂ ಸೋಲು ಬರುತ್ತದೆ. 2021ರಲ್ಲಿ ಗೂಡಿನ ಮೇಲೆ ಕವುಚಿದ್ದ ತಂತಿಯ ಪಂಜರವನ್ನೂ ಮೀರಿ ಸ್ಕಂಕ್ ಎಂಬ ಪ್ರಾಣಿ ಮೊಟ್ಟೆಗಳನ್ನು ತಿಂದುಹಾಕಿತು. ಜೋಡಿ ಮತ್ತೆ ಮೊಟ್ಟೆಯಿಟ್ಟಿತು. ಆ ಸಂಸಾರದಲ್ಲಿ ಹುಟ್ಟಿದವನು ಇಮಾನಿ. ಮರುವರ್ಷ ಮೇ ತಿಂಗಳಲ್ಲಿ ಮಾಂಟಿ ಅದೇ ಬೀಚಿನಲ್ಲಿ ಸತ್ತಿತು. ರೋಸ್ ಹಿಂದಿರುಗಲೇ ಇಲ್ಲ. ಇಮಾನಿ ಮಾತ್ರ ಹುಟ್ಟಿದ ಮರಳಿಗೇ ಬಂದ, ಸಂಗಾತಿಯಿಲ್ಲದೆ ಬೇಸಿಗೆ ಕಳೆದ. ತಾಯಿ ತಂದೆ ಬಿಟ್ಟುಹೋದ ಮೊಟ್ಟೆಗಳಿಗೆ ಮಿಶಿಗನ್ ರಾಜ್ಯದಲ್ಲಿ ಯಂತ್ರದಲ್ಲಿ ಕಾವು ಕೊಟ್ಟು ಬೆಳೆಸಿದ ಮೂರು ಮರಿಗಳನ್ನು 2023ರಲ್ಲಿ ಮಾಂಟ್ರೋಸ್‌ನಲ್ಲಿ ಬಿಟ್ಟರು. ಅವುಗಳಲ್ಲೊಂದು, ಸೀ ರಾಕೆಟ್, ಮರುವರ್ಷ ಮರಳಿ ಬಂದು ಇಮಾನಿಯ ಜೊತೆಗೂಡಿತು. ಹುಟ್ಟಿದ ನಾಲ್ಕರಲ್ಲಿ ಒಂದು ಮರಿ ಉಳಿಯಿತು.

ಇಡೀ ಮಹಾಸರೋವರಗಳ ತೀರದಲ್ಲಿ ಈಗ ಜೋಡಿಗಳ ಸಂಖ್ಯೆ 80 ದಾಟಿದೆ, ಗುರಿ 150. ಮಕ್ಕಳನ್ನು ನೋಡಲು ಬೇಸಿಗೆಯಲ್ಲಿ ಚಿಕಾಗೋಗೆ ಹೋಗುವ ಹಿರಿಯರು ನಮ್ಮಲ್ಲಿ ಬಹಳ. ಮೇ ತಿಂಗಳಿಂದ ಜುಲೈವರೆಗೆ ಅಲ್ಲಿದ್ದರೆ ಒಂದು ಬೆಳಿಗ್ಗೆ ಮಾಂಟ್ರೋಸ್‌ಗೆ ಹೋಗಿ. ಹಗ್ಗದ ಹೊರಗೇ ನಿಂತು, ಅಲ್ಲಿರುವ ಸ್ವಯಂಸೇವಕರನ್ನು ಮಾತನಾಡಿಸಿ. ಹಕ್ಕಿ ಎಲ್ಲಿದೆ ಎಂದು ಅವರನ್ನೇ ಕೇಳಿ. ನಾಯಿಯನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.

ನಮಸ್ಕಾರ.