ಸೆಪ್ಸಿಸ್‌ಗೆ ಹೃದಯದ ಔಷಧ ಕೊಡಬಹುದೇ?

ಕೇಳುಗರಿಗೆ ನಮಸ್ಕಾರ. ಐಸಿಯು ಹೊರಗೆ ಕಾಯುವ ಮನೆಯವರು ಈಗ ಫೋನ್ ಹಿಡಿದುಕೊಂಡೇ ನಮ್ಮನ್ನು ಮಾತಾಡಿಸುತ್ತಾರೆ. "ಡಾಕ್ಟ್ರೇ, ಸೆಪ್ಸಿಸ್‌ಗೆ ಹೃದಯದ ಔಷಧ ಕೆಲಸ ಮಾಡುತ್ತಂತೆ. ನೀವ್ಯಾಕೆ ಕೊಡ್ತಿಲ್ಲ?" ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಇಷ್ಟೇ: ಒಂದು ಆಸ್ಪತ್ರೆಯಲ್ಲಿ ಗೆದ್ದರೆ ಸಾಲದು.

ಸೆಪ್ಸಿಸ್‌ನಲ್ಲಿ, ಸೋಂಕಿನ ವಿರುದ್ಧ ತಿರುಗಿಬಿದ್ದ ದೇಹ ತನ್ನ ಅಂಗಗಳನ್ನೇ ಕೆಡಿಸಿಕೊಳ್ಳುತ್ತದೆ. ಬಿಪಿ ಕುಸಿಯುತ್ತದೆ, ಹೃದಯ ಓಡತೊಡಗುತ್ತದೆ. ಕೈಪಂಪನ್ನು ಗಡಿಬಿಡಿಯಲ್ಲಿ ಒತ್ತಿದರೆ ನೀರು ಸರಿಯಾಗಿ ಬರಲ್ಲ, ಅಲ್ವಾ? ಹಾಗೇ ಇದು. ಹೃದಯದೊಳಗೆ ರಕ್ತ ತುಂಬುವುದಕ್ಕೇ ಪುರುಸೊತ್ತಿಲ್ಲ. ಹಾಗಾದರೆ ಬಡಿತ ಇಳಿಸುವ ಬೀಟಾ ಬ್ಲಾಕರ್ ಕೊಟ್ಟರೆ?

ರೋಮ್‌ನ ವೈದ್ಯರು ಇದನ್ನೇ ಮಾಡಿದರು. ನನಗೆ ಬಹಳ ಇಷ್ಟವಾದ ಕಥೆ, ಉದ್ದವಾದರೂ ಹೇಳಿಬಿಡುತ್ತೇನೆ. ಬಿಪಿ ಬಿದ್ದವರಿಗೆ ಬಿಪಿ ಇಳಿಸುವ ಔಷಧ! ಎಂಥ ಡಾಕ್ಟರಿಗೂ ಎದೆ ಧಸಕ್ ಅನ್ನುತ್ತೆ. ಅವರು ಆರಿಸಿದ್ದು ಎಸ್ಮೊಲಾಲ್ ಅನ್ನೋ ಬೀಟಾ ಬ್ಲಾಕರ್. ಡ್ರಿಪ್ ನಿಲ್ಲಿಸಿದರೆ ಅರ್ಧ ಗಂಟೆಯೊಳಗೆ ಅದರ ಪ್ರಭಾವ ಇಳಿಯುತ್ತದೆ, ಅದೇ ಧೈರ್ಯ. ಒಟ್ಟು 154 ರೋಗಿಗಳು. ಅರ್ಧ ಜನರಿಗೆ ಔಷಧ ಕೊಟ್ಟು, ಬಡಿತವನ್ನು ನಿಮಿಷಕ್ಕೆ 80ರಿಂದ 94ರ ನಡುವೆ ಹಿಡಿದಿಟ್ಟರು. 2013ರಲ್ಲಿ ಫಲಿತಾಂಶ ಬಂತು. 28 ದಿನಗಳಲ್ಲಿ, ಔಷಧ ಸಿಗದವರಲ್ಲಿ ನೂರಕ್ಕೆ 80 ಮಂದಿ ತೀರಿಕೊಂಡಿದ್ದರು. ಸಿಕ್ಕವರಲ್ಲಿ 49! ಯಾರಿಗೆ ಖುಷಿಯಾಗಲ್ಲ ಹೇಳಿ? ಆದರೆ ನೂರಕ್ಕೆ 80 ಸಾವಿನ ಆ ಲೆಕ್ಕವನ್ನು ಇನ್ನೊಮ್ಮೆ ನೋಡಿ. ವಿಪರೀತ ಜಾಸ್ತಿ, ಅದರ ಎದುರು ಔಷಧ ದೊಡ್ಡದಾಗಿ ಗೆದ್ದಂತೆ ಕಂಡಿರಬಹುದು. ಮೇಲಾಗಿ, ಅದು ಒಂದೇ ಆಸ್ಪತ್ರೆ.

ಆಮೇಲೆ ಬ್ರಿಟನ್ನಿನ 40 ಐಸಿಯುಗಳು ಸೇರಿ ಅದೇ ಗುಂಪಿನ ಲ್ಯಾಂಡಿಯೊಲಾಲ್ ಕೊಟ್ಟು ನೋಡಿದವು. 126 ರೋಗಿಗಳಾಗುವಷ್ಟರಲ್ಲೇ ನಿಲ್ಲಿಸಬೇಕಾಯಿತು. ಔಷಧ ಪಡೆದವರಲ್ಲಿ ನೂರಕ್ಕೆ 37 ಸಾವು, ಪಡೆಯದವರಲ್ಲಿ 25. ಲಾಭ ಹಾಗಿರಲಿ, ಹಾನಿಯ ಭಯವೇ ಹುಟ್ಟಿತು. ಇದು 2023ರ ಸುದ್ದಿ. ಅದು ಮಾತ್ರ ನಿಮ್ಮ ಫೋನಿಗೆ ಬರಲ್ಲ ನೋಡಿ! ಅದಕ್ಕೇ ಮತ್ತೆ ಹೇಳ್ತೀನಿ, ಒಂದು ಆಸ್ಪತ್ರೆಯಲ್ಲಿ ಗೆದ್ದರೆ ಸಾಲದು.

ಹೃದಯದ ಬಡಿತಕ್ಕೆ ಬಲ ಕೊಡುವ ಲೆವೊಸಿಮೆಂಡಾನ್, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಕಥೆಯೂ ಇದೇ, ದೊಡ್ಡ ಪ್ರಯೋಗಗಳಲ್ಲಿ ಸೋತವು. ಬಿಡಿಸಿ ಹೇಳುವಷ್ಟು ಹೊತ್ತಿಲ್ಲ, ಗಡಿಯಾರ ತೋರಿಸ್ತಿದ್ದಾರೆ.

ಬೇಗ ಕೊಟ್ಟ ಆ್ಯಂಟಿಬಯಾಟಿಕ್, ಡ್ರಿಪ್, ಬಿಪಿ ಎತ್ತಲು ನಾರ್‌ಅಡ್ರಿನಲಿನ್: ಇವತ್ತಿಗೂ ನಾವು ನೆಚ್ಚಿಕೊಂಡಿರೋದು ಇವನ್ನೇ. ಜ್ವರದ ಜೊತೆ ಮಾತು ತೊದಲಿದರೆ, ಏದುಸಿರು ಬಂದರೆ, ಮೂತ್ರ ಕಡಿಮೆಯಾದರೆ ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪತ್ರೆಗೆ ಬರುವಾಗ ರೋಗಿ ನುಂಗುವ ಬಿಪಿ, ಹೃದಯದ ಮಾತ್ರೆಗಳ ಚೀಟಿಯನ್ನೂ ತನ್ನಿ. ನಮಸ್ಕಾರ.