ಟ್ಯಾಂಕ್ ಕೊಳ್ಳುವ ಮುಂಚೆ ಬಿಸಿಯ ಲೆಕ್ಕ

ಎಲ್ಲರಿಗೂ ನಮಸ್ಕಾರ. ನಾನು ಭಾಷಣಕಾರನಲ್ಲ, ಪೀಣ್ಯದಲ್ಲಿ ಸ್ಟೀಲ್ ಟ್ಯಾಂಕ್ ಮಾಡುವವನು. ಸಣ್ಣ ಡಿಸ್ಟಿಲರಿ ಹಾಕಬೇಕು ಅಂತ ಬರುವವರು ತಾಮ್ರದ ಸ್ಟಿಲ್‌ನ, ಅಂದರೆ ಭಟ್ಟಿ ಇಳಿಸುವ ಹಂಡೆಯ, ಫೋಟೋ ಹಿಡಿದುಕೊಂಡೇ ಬರುತ್ತಾರೆ. ಹುದುಗು ಬರಿಸುವ ಟ್ಯಾಂಕ್ ಬಗ್ಗೆ ಕೇಳಿದರೆ, "ಅದೇನು ಡ್ರಮ್ ಅಲ್ವಾ, ಯಾವುದಾದರೂ ಹಾಕಿ" ಅನ್ನುತ್ತಾರೆ. ಆಲ್ಕೋಹಾಲ್ ಹುಟ್ಟುವುದು ಆ ಡ್ರಮ್ಮಿನಲ್ಲೇ ಸ್ವಾಮಿ. ಸ್ಟಿಲ್ ಅದನ್ನು ನೀರಿನಿಂದ ಬೇರೆ ಮಾಡಿ ಕೊಡುತ್ತದೆ, ಅಷ್ಟೆ.

ಡಿಸೆಂಬರ್ ಚಳಿಗೆ ಬೆಂಗಳೂರಿನಲ್ಲಿ ದೋಸೆ ಹಿಟ್ಟು ಏಳುವುದೇ ಇಲ್ಲ. ಏಪ್ರಿಲ್‌ನಲ್ಲಿ ಮಂಗಳೂರಿಗೆ ಹೋಗಿ, ಬೆಳಗಾಗುವಷ್ಟರಲ್ಲಿ ಹುಳಿ ಹೊಡೆದಿರುತ್ತದೆ. ಸಕ್ಕರೆಯನ್ನು ಆಲ್ಕೋಹಾಲ್ ಮಾಡುವ ಯೀಸ್ಟ್‌ದೂ ಇದೇ ಕಥೆ. ಒಂದು ವ್ಯತ್ಯಾಸ ಏನೆಂದರೆ, ಯೀಸ್ಟ್ ಕೆಲಸ ಮಾಡುತ್ತಾ ತಾನೇ ಬಿಸಿ ಹುಟ್ಟಿಸುತ್ತದೆ. ಟ್ಯಾಂಕಿನಲ್ಲಿ ಹುದುಗುವ ದ್ರವಕ್ಕೆ ವಾಶ್ ಅನ್ನುತ್ತೇವೆ. ಅದರಲ್ಲಿ ನೂರಕ್ಕೆ 8 ಭಾಗ ಆಲ್ಕೋಹಾಲ್ ಬರುವಷ್ಟು ಸಕ್ಕರೆ ಇದೆ ಅಂದುಕೊಳ್ಳಿ. ಹುಟ್ಟಿದ ಬಿಸಿ ಎಲ್ಲೂ ಹೋಗದಿದ್ದರೆ ಅದು ಸುಮಾರು 15 ಡಿಗ್ರಿ ಏರುತ್ತದೆ. 27ರಲ್ಲಿ ಶುರುವಾದದ್ದು 42ಕ್ಕೆ ಹೋಯಿತು. 35 ದಾಟಿದರೆ ಹೆಚ್ಚಿನ ಯೀಸ್ಟ್‌ಗಳು ನರಳುತ್ತವೆ. ಕೆಟ್ಟ ವಾಸನೆ ಬರುತ್ತದೆ, ಸಕ್ಕರೆ ಅರ್ಧಕ್ಕೇ ಉಳಿಯುತ್ತದೆ.

ಸಣ್ಣ ಟ್ಯಾಂಕ್ ಈ ಬಿಸಿಯನ್ನು ಮೈಯಿಂದಲೇ ಬಿಟ್ಟುಬಿಡುತ್ತದೆ. ದೊಡ್ಡದಕ್ಕೆ ಆಗುವುದಿಲ್ಲ. ಅದೇ ಆಕಾರದಲ್ಲಿ ಹತ್ತು ಪಟ್ಟು ದೊಡ್ಡದು ಮಾಡಿದರೆ ಮೈ ಹಿಗ್ಗುವುದು ನಾಲ್ಕೂವರೆ ಪಟ್ಟಿಗಿಂತ ಚೂರು ಜಾಸ್ತಿ ಮಾತ್ರ. "500 ಲೀಟರ್‌ನಲ್ಲಿ ಚೆನ್ನಾಗಿ ಬಂತು, 5,000ದ್ದು ಮಾಡಿಕೊಡಿ" ಅಂದವರಿಗೆ ನಾನು ಮೊದಲು ಕೇಳುವುದು, ತಣ್ಣೀರು ಎಲ್ಲಿಂದ ಬರುತ್ತೆ ಅಂತ. ಟ್ಯಾಂಕಿನ ಸುತ್ತ ತಣ್ಣೀರು ಹರಿಸುವ ಜಾಕೆಟ್ಟೂ, ಆ ನೀರು ತಣಿಸುವ ಚಿಲ್ಲರ್ರೂ ಇಲ್ಲದೆ ಅಷ್ಟು ದೊಡ್ಡದಕ್ಕೆ ಕೈ ಹಾಕಬೇಡಿ. ಗೋವಾದಲ್ಲಿ ಫೆನಿ ಮಾಡುವವರು ಗೇರುಹಣ್ಣಿನ ರಸವನ್ನು ಮಣ್ಣಿನ ಕೊಡಗಳಲ್ಲಿ ಹಾಕಿ, ಕೊಡವನ್ನು ಕತ್ತಿನವರೆಗೆ ನೆಲದಲ್ಲಿ ಹೂಳುತ್ತಿದ್ದರು. ಬೇಸಿಗೆಯ ಕೆಲಸ ಅದು. ಅವರಿಗೆ ನೆಲವೇ ಜಾಕೆಟ್.

ಅಳತೆಯನ್ನು ಸ್ಟಿಲ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿ. ಸ್ಟಿಲ್ 500 ಲೀಟರ್‌ದು, ದಿನಕ್ಕೆ ಒಂದು ಸಲ ತುಂಬಿಸುತ್ತೀರಿ. ಹುದುಗಲು ನಾಲ್ಕು ದಿನ, ಖಾಲಿ ಮಾಡಿ ತೊಳೆಯಲು ಒಂದು ದಿನ. ಐದು ಟ್ಯಾಂಕ್ ಬೇಕು. ನೊರೆಗೆ ಜಾಗ ಬಿಟ್ಟು ಒಂದೊಂದು 650 ಲೀಟರ್‌ದು ಮಾಡಿಸಿ. ಒಂದೇ ದೊಡ್ಡ ಟ್ಯಾಂಕ್ ಅಗ್ಗ, ನಿಜ. ಆದರೆ ಐದನೇ ದಿನದ ವಾಶ್ ಅದರಲ್ಲಿ ಕಾಯುತ್ತಾ ಹುಳಿಯುತ್ತದೆ. ಒಂದು ಕೆಟ್ಟರೆ ಎಲ್ಲಾ ಕೆಟ್ಟಂತೆ.

ಮರದ್ದು ಹಾಕಿಸಲಾ ಅಂತ ಕೇಳುವವರಿದ್ದಾರೆ. ಸ್ಕಾಟ್ಲೆಂಡಿನ ಗ್ಲೆನ್‌ಫಿಡಿಕ್‌ನಲ್ಲಿ ಡಗ್ಲಸ್ ಫರ್ ಮರದ ತೊಟ್ಟಿಗಳಿವೆ, ಗ್ಲೆನ್‌ಮೊರಾಂಜಿಯಲ್ಲಿ ಸ್ಟೀಲ್. ಎರಡರ ವಿಸ್ಕಿಯನ್ನೂ ಜನ ದುಡ್ಡು ಕೊಟ್ಟು ಕುಡಿಯುತ್ತಾರೆ. ಮರದ ಸಂದಿಯಲ್ಲಿ ಬ್ಯಾಕ್ಟೀರಿಯಾ ಕೂರುತ್ತವೆ, ರುಚಿಗೆ ಏನೋ ಸೇರಿಸುತ್ತವೆ. ಆದರೆ ಒಣಗಿದರೆ ಮರ ಸೋರುತ್ತದೆ. ವರ್ಷಕ್ಕೆ ಮೂರು ತಿಂಗಳು ಹಣ್ಣಿನ ಕೆಲಸ ಮಾಡುವವರಿಗೆ ಅದು ತಲೆನೋವು. ಕೈಯಲ್ಲಿ ದುಡ್ಡಿಲ್ಲದಿದ್ದರೆ ಫುಡ್ ಗ್ರೇಡ್ ಪ್ಲಾಸ್ಟಿಕ್‌ನಲ್ಲೇ ಶುರು ಮಾಡಿ, ನಾಚಿಕೆ ಬೇಡ. ಗೀರು ಬಿದ್ದರೆ ಮಾತ್ರ ಎಸೆಯಿರಿ, ಗೀರಿನೊಳಗೆ ಬ್ರಷ್ ಹೋಗುವುದಿಲ್ಲ. ಸ್ಟೀಲ್ ಆದರೆ 304 ಅನ್ನುವ ದರ್ಜೆ ಸಾಕು. ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್ ಜಾಸ್ತಿ ಇದ್ದರೆ 316 ಕೇಳಿ. ಧಾನ್ಯದ ಸಮೇತ ಹುದುಗಿಸುವವರು ಒಳಗಡೆ ತಣ್ಣೀರಿನ ಸುರುಳಿ ಪೈಪು (ಕಾಯಿಲ್) ಹಾಕಿಸಬೇಡಿ, ತೊಳೆಯುವವನ ಶಾಪ ತಟ್ಟುತ್ತದೆ.

ಇನ್ನು ಗಾಳಿ. 500 ಲೀಟರ್ ವಾಶ್‌ನಿಂದ ಹೊರಬರುವ ಕಾರ್ಬನ್ ಡೈಆಕ್ಸೈಡ್ ಸುಮಾರು 30 ಕೆಜಿ. ಹತ್ತಡಿ ಅಗಲ, ಹತ್ತಡಿ ಉದ್ದ, ಹತ್ತಡಿ ಎತ್ತರದ ರೂಮಿನ ಅರ್ಧಕ್ಕಿಂತ ಜಾಸ್ತಿ ತುಂಬುತ್ತದೆ. ಅದು ಗಾಳಿಗಿಂತ ಭಾರ, ನೆಲಕ್ಕೆ ಅಂಟಿಕೊಂಡು ಕೂರುತ್ತದೆ. ಎಕ್ಸಾಸ್ಟ್ ಫ್ಯಾನ್ ಕೆಳಗೆ ಹಾಕಿಸಿ. ಖಾಲಿ ಟ್ಯಾಂಕಿಗೆ ಒಬ್ಬನೇ ಇಳಿಯುವ ಧೈರ್ಯ ಯಾರೂ ಮಾಡಬೇಡಿ.

ಇದೇ ಗ್ಯಾಸ್ ನನಗೊಂದು ಪಾಠ ಕಲಿಸಿತು. ಟ್ಯಾಂಕ್ ಖಾಲಿ ಮಾಡಿದ್ದೆವು, ಒಳಗೆ ಗ್ಯಾಸ್ ಹಾಗೇ ಇತ್ತು. ಮುಚ್ಚಳ ಹಾಕಿ, ಗಾಳಿ ಆಡುವ ಕಿಂಡಿ, ಅಂದರೆ ವೆಂಟ್, ಕೂಡ ಬಂದ್ ಮಾಡಿ ತೊಳೆಯಲು ಕಾಸ್ಟಿಕ್ ಸೋಡಾ ಓಡಿಸಿದೆ. ಕಾಸ್ಟಿಕ್ ಆ ಗ್ಯಾಸನ್ನು ಹೀರಿಕೊಂಡಿತು. ಒಳಗೆ ಖಾಲಿ, ಹೊರಗೆ ಗಾಳಿಯ ಒತ್ತಡ. ಲೋಟ ತುಳಿದಂತೆ ಟ್ಯಾಂಕ್ ಒಳಕ್ಕೆ ಕುಸಿಯಿತು, ನನ್ನ ಕಣ್ಣೆದುರಿಗೇ. ಅಂದಿನಿಂದ ನಾನು ಮಾಡಿಕೊಡುವ ಪ್ರತಿ ಟ್ಯಾಂಕಿಗೂ ಬಂದ್ ಮಾಡಲಾಗದ ವೆಂಟ್ ಇಡುತ್ತೇನೆ. ಗ್ಯಾಸ್ ಪೂರ್ತಿ ಹೊರಗೆ ಹೋಗದೆ ಕಾಸ್ಟಿಕ್ ಮುಟ್ಟಬೇಡಿ ಅಂತ ಬಾಗಿಲಿಗೇ ಬರೆದು ಅಂಟಿಸುತ್ತೇನೆ.

ಲೈಸೆನ್ಸ್ ವಿಷಯ ಅಬಕಾರಿಯವರ ಹತ್ತಿರ ಕೇಳಿ, ಟ್ಯಾಂಕಿಗೆ ಅಡ್ವಾನ್ಸ್ ಕೊಡುವ ಮುಂಚೆಯೇ ಕೇಳಿ. ಮಿಕ್ಕಿದ್ದೇನಿದ್ದರೂ ನನ್ನನ್ನು ಕೇಳಿ. ಆ ಟ್ಯಾಂಕ್ ಗುಜರಿಗೆ ಎಷ್ಟಕ್ಕೆ ಹೋಯಿತು ಅಂತ ಮಾತ್ರ ಬೇಡ.