ಮೊದಲ ದಿನದ ಹದಿನೈದು

ಕೇಳುಗರಿಗೆ ನಮಸ್ಕಾರ.

ಇವತ್ತು ಬೇಸ್‌ಬಾಲ್ ಬಗ್ಗೆ ಮಾತಾಡುತ್ತೇನೆ ಅಂದಾಗ ನನ್ನ ಹೆಂಡತಿ, "ಆ ಆಟ ನಿಮಗೇ ನೆಟ್ಟಗೆ ಗೊತ್ತಿಲ್ಲ, ಕೇಳೋರ ಗತಿ ಏನು?" ಎಂದಳು. ಗೊತ್ತಿರುವಷ್ಟು ಹೇಳುತ್ತೇನೆ. ಕ್ರಿಕೆಟ್ ಗೊತ್ತಿದ್ದವರು ಮುಕ್ಕಾಲು ದಾರಿ ಬಂದಿದ್ದೀರಿ ಎಂದೇ ಲೆಕ್ಕ.

ಪಿಚರ್ ಅಂದರೆ ನಮ್ಮ ಬೌಲರ್. ಆದರೆ ಅವನು ಓಡಿ ಬರುವ ಹಾಗಿಲ್ಲ. ಮೈದಾನದಲ್ಲಿ ಮಣ್ಣಿನ ಒಂದು ಚಿಕ್ಕ ದಿಬ್ಬ ಇರುತ್ತದೆ. ಅದರ ಮೇಲೆ ಬಿಳಿ ರಬ್ಬರಿನ ಪಟ್ಟಿ. ಅದಕ್ಕೆ ಕಾಲು ತಾಗಿಸಿ, ನಿಂತಲ್ಲಿಂದಲೇ ಬೀಸಬೇಕು. ದೂರ 18.44 ಮೀಟರ್. ನಮ್ಮ ಕ್ರಿಕೆಟ್ ಪಿಚ್‌ಗಿಂತ ಒಂದೂವರೆ ಮೀಟರಿಗೂ ಜಾಸ್ತಿ ಕಡಿಮೆ. ಚೆಂಡು ನೆಲಕ್ಕೆ ಬಡಿದು ಏಳುವ ಮಾತಿಲ್ಲ. ಬಿರುಕು, ತೇವ, ಸವೆದ ಜಾಗ, ಯಾವುದೂ ಅವನ ನೆರವಿಗೆ ಬರುವುದಿಲ್ಲ. ಓಟದ ರಭಸವೂ ಇಲ್ಲ. ಕಾಲಿನಿಂದ, ಸೊಂಟದಿಂದ ಎಷ್ಟೇ ಬಲ ತಂದರೂ ಕೊನೆಗೆ ಎಲ್ಲ ಭಾರ ಬೀಳುವುದು ಒಂದು ಭುಜದ ಮೇಲೆ, ಒಂದು ಮೊಣಕೈ ಮೇಲೆ. ಈ ಭುಜದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬ್ಯಾಟರ್ ಬೀಸಿದರೂ ತಾಗದ ಎಸೆತ, ಇಲ್ಲವೇ ಹೊಡೆಯಬಹುದಾದ ಜಾಗಕ್ಕೆ ಬಂದರೂ ಬೀಸದೆ ಬಿಟ್ಟ ಎಸೆತ, ಸ್ಟ್ರೈಕ್. ಬ್ಯಾಟರ್‌ಗೆ ಮೂರು ಸ್ಟ್ರೈಕ್ ಬಿದ್ದರೆ ಔಟ್. ಅದೇ ಸ್ಟ್ರೈಕ್‌ಔಟ್. ನಮ್ಮಲ್ಲಿ ಕ್ಲೀನ್ ಬೌಲ್ಡ್ ಆದಾಗ ಬೌಲರ್‌ಗೆ ಆಗುತ್ತದಲ್ಲ, ಅಂಥ ಖುಷಿ. ಫೀಲ್ಡರ್‌ಗಳ ಹಂಗೇ ಇಲ್ಲ. ಒಂದು ತಂಡಕ್ಕೆ ಒಂಬತ್ತು ಇನಿಂಗ್ಸ್, ಪ್ರತಿ ಇನಿಂಗ್ಸ್‌ಗೆ ಮೂರು ಔಟ್. ಒಟ್ಟು 27. ನಿಯಮ ಇಷ್ಟು ಸಾಕು.

ಈಗ 1954ರ ಸೆಪ್ಟೆಂಬರ್ 22ಕ್ಕೆ ಬನ್ನಿ. ನ್ಯೂಯಾರ್ಕ್ ನಗರದ ಬ್ರೂಕ್ಲಿನ್. ಎಬೆಟ್ಸ್ ಫೀಲ್ಡ್ ಎಂಬ ಮೈದಾನ. ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಜಾಗದಲ್ಲಿ ಆ ದಿನ ಕೂತಿದ್ದವರು 3,256 ಮಂದಿ. ಯಾಕೆ ಅಂದರೆ, ಆ ಪಂದ್ಯದಿಂದ ಯಾರಿಗೂ ಏನೂ ಆಗಬೇಕಿರಲಿಲ್ಲ. ಎರಡು ದಿನದ ಹಿಂದೆ ಇದೇ ಮೈದಾನದಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಬ್ರೂಕ್ಲಿನ್ ಡಾಜರ್ಸ್ ತಂಡವನ್ನು ಸೋಲಿಸಿ ಲೀಗ್ ಗೆದ್ದಾಗಿತ್ತು. ಒಂದೇ ಊರಿನ ಎರಡು ತಂಡ, ಹಾವು ಮುಂಗುಸಿ ಸಂಬಂಧ. ಗೆದ್ದವರ ಮುಖ ಮತ್ತೆ ನೋಡಲು ಸೋತವರ ಕಡೆಯ ಜನ ಯಾಕೆ ಬರುತ್ತಾರೆ ಹೇಳಿ?

ಇಂಥ ಪಂದ್ಯಗಳಲ್ಲಿ ತಂಡದವರು ಹೊಸ ಹುಡುಗರನ್ನು ಇಳಿಸಿ ನೋಡುತ್ತಾರೆ. ಡಾಜರ್ಸ್ ಇಳಿಸಿದ್ದು ಕಾರ್ಲ್ ಸ್ಪೂನರ್ ಎಂಬ ಎಡಗೈ ಪಿಚರ್‌ನನ್ನು. ವಯಸ್ಸು 23. ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ಆರಿಸ್ಕನಿ ಫಾಲ್ಸ್ ಎಂಬ ಸಣ್ಣ ಊರಿನಲ್ಲಿ. ಆ ವರ್ಷವೆಲ್ಲ ದೂರದ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಕೆಳಗಿನ ದರ್ಜೆಯ ಲೀಗ್ ಆಡಿ 21 ಪಂದ್ಯ ಗೆದ್ದಿದ್ದ. 262 ಸ್ಟ್ರೈಕ್‌ಔಟ್ ತೆಗೆದಿದ್ದ. ವೇಗ ಇತ್ತು. ಚೆಂಡು ಎಲ್ಲಿಗೆ ಹೋಗುತ್ತದೆ ಅನ್ನುವುದು ಮಾತ್ರ ಒಮ್ಮೊಮ್ಮೆ ಅವನ ಕೈಯಲ್ಲಿರುತ್ತಿರಲಿಲ್ಲ.

ಮೊದಲ ಇನಿಂಗ್ಸ್‌ನಲ್ಲೇ ಅದು ಕಾಣಿಸಿತು. ಮೂರು ಬೇಸ್‌ಗಳೂ ತುಂಬಿದವು. ಅಂದರೆ ಎದುರಾಳಿಯ ಮೂವರು ಓಟಗಾರರು ಮೂರು ಮೂಲೆಯಲ್ಲಿ ಓಡಲು ತಯಾರಾಗಿ ನಿಂತಿದ್ದಾರೆ. ಈಗ ಒಂದು ಒಳ್ಳೆ ಹೊಡೆತ ಬಿದ್ದರೆ ಸಾಕು, ಆ ದಿನದ ಕತೆ ಮುಗಿಯಿತು. ಹುಡುಗನ ಕತೆಯೂ ಅಲ್ಲಿಗೇ ಮುಗಿಯಬಹುದಿತ್ತು. "ಕೆಳಗಿನ ಲೀಗ್‌ಗೆ ಸರಿ, ಇಲ್ಲಿಗೆ ಸಾಲದು" ಎಂದು ಬರೆದು ಕಳಿಸಿದ್ದರೆ ಕೇಳುವವರಿರಲಿಲ್ಲ. ಅಂಥವರು ನೂರಾರು ಜನ ಹೋಗಿದ್ದಾರೆ. ಸ್ಪೂನರ್ ಒಂದೂ ರನ್ ಕೊಡದೆ ಆ ಇನಿಂಗ್ಸ್ ಮುಗಿಸಿದ.

ಆಮೇಲೆ ಶುರುವಾಯಿತು ನೋಡಿ. ಒಬ್ಬರಾದ ಮೇಲೆ ಒಬ್ಬರು ಬ್ಯಾಟ್ ಹೆಗಲಿಗೇರಿಸಿ ವಾಪಸ್. ನಡುವೆ ಒಂದು ಸಲ ಸಾಲಾಗಿ ಆರು ಜನ. ಒಂಬತ್ತೂ ಇನಿಂಗ್ಸ್ ಒಬ್ಬನೇ ಎಸೆದ. ಜೈಂಟ್ಸ್‌ಗೆ ಸಿಕ್ಕ ಹಿಟ್‌ಗಳು, ಅಂದರೆ ಹೊಡೆದು ಬೇಸ್ ತಲುಪಿದ್ದು, ಮೂರು, ರನ್ ಸೊನ್ನೆ. ಡಾಜರ್ಸ್ ಹೊಡೆದದ್ದೂ ಮೂರೇ ರನ್. ಹಾಗಾಗಿ ಕೊನೆಯವರೆಗೂ ಅವನಿಗೆ ನಿರಾಳ ಅನ್ನುವುದೇ ಇರಲಿಲ್ಲ. ಸ್ಟ್ರೈಕ್‌ಔಟ್ 15. ಇಪ್ಪತ್ತೇಳರಲ್ಲಿ ಹದಿನೈದು! ಮೊದಲ ಪಂದ್ಯ ಆಡುವ ಪಿಚರ್ ಅಷ್ಟು ತೆಗೆದದ್ದು ಅದಕ್ಕೆ ಮೊದಲು ಇರಲಿಲ್ಲ. ಹಿಂದಿನ ದಾಖಲೆ 1937ರದ್ದು, ಹದಿಮೂರು.

ಲೀಗ್ ಗೆದ್ದಾಗಿದ್ದ ಬ್ಯಾಟರ್‌ಗಳು ಮೈಮರೆತಿದ್ದರು ಎಂದು ಕೆಲವರು ಹೇಳಬಹುದು. ಇರಬಹುದು. ಹೊಸಬನನ್ನು ಅವರು ಮೊದಲು ನೋಡಿರಲಿಲ್ಲ ಅನ್ನುವುದು ಇನ್ನೂ ದೊಡ್ಡ ಕಾರಣ. ಆಗ ಈಗಿನ ಹಾಗೆ ವಿಡಿಯೊ ಹಾಕಿಕೊಂಡು ಕೈಯ ಚಲನೆ ಅಳೆಯುವ ಕಾಲ ಅಲ್ಲ. ನಮ್ಮ ನರೇಂದ್ರ ಹಿರ್ವಾನಿ 1988ರ ಜನವರಿಯಲ್ಲಿ ಮದ್ರಾಸಿನಲ್ಲಿ ಮೊದಲ ಟೆಸ್ಟ್ ಆಡಿ ವೆಸ್ಟ್ ಇಂಡೀಸ್‌ನ 16 ವಿಕೆಟ್ ಕಿತ್ತದ್ದು ನೆನಪಿದೆಯಲ್ಲ? ಅಪರಿಚಿತನಿಗೆ ಅಂಥದೊಂದು ಲಾಭ ಇರುತ್ತದೆ. ಆದರೆ ಹಾಗೆ ಮೊದಲ ದಿನ ಇಳಿದವರೆಲ್ಲ ಅಪರಿಚಿತರೇ. ಹದಿನೈದು ಎಲ್ಲರಿಗೂ ಬೀಳಲಿಲ್ಲ.

ನಾಲ್ಕು ದಿನ ಬಿಟ್ಟು ಅವನಿಗೆ ಇನ್ನೊಂದು ಪಂದ್ಯ ಕೊಟ್ಟರು. ಪಿಟ್ಸ್‌ಬರ್ಗ್ ಪೈರೇಟ್ಸ್ ಎದುರು, ಸೆಪ್ಟೆಂಬರ್ 26. ಈ ಸಲ ಅವನ ತಂಡ ಹೊಡೆದದ್ದು ಒಂದೇ ಒಂದು ರನ್, ಗಿಲ್ ಹಾಜಸ್‌ನ ಒಂದು ಹೋಮ್ ರನ್. ಅದು ನಮ್ಮ ಸಿಕ್ಸರ್ ಇದ್ದ ಹಾಗೆ, ಪ್ರೇಕ್ಷಕರ ನಡುವೆ ಹೋಗಿ ಬೀಳುವ ಹೊಡೆತ. ಆ ಒಂದು ರನ್ ಅನ್ನು ಸ್ಪೂನರ್ ಕೊನೆಯವರೆಗೂ ಕಾಪಾಡಿದ. 1-0. ಸ್ಟ್ರೈಕ್‌ಔಟ್ 12. ಎರಡು ಪಂದ್ಯ, 18 ಇನಿಂಗ್ಸ್, 27 ಸ್ಟ್ರೈಕ್‌ಔಟ್, ಎದುರಾಳಿಗಳಿಗೆ ಒಟ್ಟು ಸೊನ್ನೆ. ಬ್ರೂಕ್ಲಿನ್ ಜನ ಒಂದು ಪ್ರಾಸದ ಮಾತು ಕಟ್ಟಿದರು. "ಸ್ಪೂನರ್ ಸೂನರ್ ಬರಬೇಕಿತ್ತು" ಎಂದು. ಸೂನರ್ ಅಂದರೆ ಇನ್ನೂ ಬೇಗ. ತಡವಾಗಿ ಬಂದನಲ್ಲ ಅನ್ನುವ ಹೊಟ್ಟೆಯುರಿ ಅದರಲ್ಲಿದೆ.

ಬಂದ ಚಳಿಗಾಲವೆಲ್ಲ ಆ ಹುಡುಗ ಹೇಗೆ ಕಳೆದಿರಬಹುದು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಊರಿನ ಅಂಗಡಿಗೆ ಹೋದರೆ ಎಲ್ಲರೂ ಭುಜ ತಟ್ಟಿರಬೇಕು. ಭುಜ ಅಂದೆ, ಅಲ್ವಾ?

1955ರ ವಸಂತ. ಪ್ರತಿ ವರ್ಷದ ಹಾಗೆ ತಂಡಗಳು ಫ್ಲಾರಿಡಾಕ್ಕೆ ಅಭ್ಯಾಸಕ್ಕೆ ಹೋಗಿವೆ. ಅಭ್ಯಾಸ ಪಂದ್ಯಗಳು, ಅಂಕಪಟ್ಟಿಗೆ ಸೇರುವುದಿಲ್ಲ. ಅಂಥ ಒಂದು ಪಂದ್ಯದಲ್ಲಿ ಸ್ಪೂನರ್‌ಗಿಂತ ಮೊದಲು ಎಸೆಯಬೇಕಿದ್ದವನು ಬೇಗ ಹೊರಬಂದ. ಇವನ ಸರದಿ ಅಂದುಕೊಂಡದ್ದಕ್ಕಿಂತ ಮೊದಲೇ ಬಂತು. ಮೈ ಬಿಸಿ ಮಾಡಿಕೊಳ್ಳಲು ಸಮಯ ಸಾಲಲಿಲ್ಲ. ಎದ್ದು ಹೋಗಿ ಪೂರ್ತಿ ಜೋರಿನಲ್ಲಿ ಬೀಸಿದ. ಭುಜದಲ್ಲಿ ಏನೋ ಎಳೆಯಿತು.

ಅಷ್ಟೇ. ಬಿದ್ದಿಲ್ಲ, ಯಾರಿಗೂ ಡಿಕ್ಕಿ ಹೊಡೆದಿಲ್ಲ, ರಕ್ತ ಬಂದಿಲ್ಲ.

ನನಗೆ ಇದು ಸ್ವಲ್ಪ ಅರ್ಥವಾಗುತ್ತದೆ. ಕಾಲೇಜಿನಲ್ಲಿದ್ದಾಗ ಒಂದು ಭಾನುವಾರ ಬಸ್ ತಡವಾಗಿ, ಮೈದಾನಕ್ಕೆ ಓಡಿ ಹೋದವನ ಕೈಗೆ ಕ್ಯಾಪ್ಟನ್ ನೇರ ಚೆಂಡು ಕೊಟ್ಟ. ಟೆನಿಸ್ ಬಾಲ್ ಪಂದ್ಯ, ಗೆದ್ದವರಿಗೆ ಎರಡು ಕ್ರೇಟ್ ಸೋಡಾ. ಮೂರನೇ ಎಸೆತಕ್ಕೆ ಭುಜದ ಹಿಂದೆ ಒಂದು ದಾರ ಕಿತ್ತ ಹಾಗಾಯಿತು. ಈಗಲೂ ಒದ್ದೆ ಬೆಡ್‌ಶೀಟನ್ನು ತಂತಿಯ ಮೇಲೆ ಎಸೆಯುವಾಗ ಆ ದಾರ ಮಾತಾಡುತ್ತದೆ. ನನ್ನದು ಹೋದರೆ ಸೋಡಾ ಹೋಯಿತು. ಅವನಿಗೆ ಇದ್ದದ್ದೇ ಆ ಭುಜ.

ಆ ವರ್ಷ ಸ್ಪೂನರ್ ಆಡಿದ. ಎಂಟು ಗೆದ್ದ, ಆರು ಸೋತ. ಕೆಟ್ಟದ್ದಲ್ಲ, ಆದರೆ ಹಳೆಯ ವೇಗ ದಿನಾ ಸಿಗುತ್ತಿರಲಿಲ್ಲ. ಎರಡು ದೊಡ್ಡ ಲೀಗ್‌ಗಳನ್ನು ಗೆದ್ದವರು ಕೊನೆಗೆ ಪಟ್ಟಕ್ಕಾಗಿ ಆಡುವ ಸರಣಿ ವರ್ಲ್ಡ್ ಸೀರೀಸ್. ಅಕ್ಟೋಬರ್ 3ರಂದು ಅದರ ಆರನೇ ಪಂದ್ಯಕ್ಕೆ, ನ್ಯೂಯಾರ್ಕ್ ಯಾಂಕೀಸ್ ತಂಡದ ಎದುರು, ಯಾಂಕೀ ಸ್ಟೇಡಿಯಮ್‌ನಲ್ಲಿ, ಅವನ ಕೈಗೇ ಚೆಂಡು ಕೊಟ್ಟರು. ಗೆದ್ದರೆ ಸರಣಿಯೇ ಮುಗಿದು ಬ್ರೂಕ್ಲಿನ್‌ಗೆ ಮೊದಲ ಸಲ ಪಟ್ಟ. ಒಂದು ಔಟ್ ತೆಗೆಯುವಷ್ಟರಲ್ಲಿ ಐದು ರನ್ ಹೋದವು. ಬಿಲ್ ಸ್ಕಾವ್ರನ್ ಹೊಡೆದ ಹೋಮ್ ರನ್ ಒಂದಕ್ಕೇ ಮೂರು. ಅವನನ್ನು ಹೊರಗೆ ಕರೆದರು. ಯಾಂಕೀಸ್ 5-1ರಿಂದ ಗೆದ್ದಿತು. ಮಾರನೇ ದಿನ ಜಾನಿ ಪಾಡ್ರೆಸ್ ಎಂಬ ಇನ್ನೊಬ್ಬ ಎಡಗೈ ಹುಡುಗ, ಅವನಿಗೂ 23, ಯಾಂಕೀಸ್‌ಗೆ ಒಂದೂ ರನ್ ಕೊಡದೆ 2-0ಯಿಂದ ಗೆದ್ದ. ಬ್ರೂಕ್ಲಿನ್ ಬೀದಿಗಳಲ್ಲಿ ಕುಣಿತವೋ ಕುಣಿತ. ಸ್ಪೂನರ್ ದೊಡ್ಡ ಲೀಗ್‌ನಲ್ಲಿ ಮತ್ತೆ ಎಸೆಯಲಿಲ್ಲ. ಕೆಳಗಿನ ಲೀಗ್‌ಗಳಲ್ಲಿ 1958ರವರೆಗೆ ಒದ್ದಾಡಿ ಬಿಟ್ಟ.

ಅವನ ಹದಿನೈದನ್ನು ಸರಿಗಟ್ಟಿದವನು ಜೆ. ಆರ್. ರಿಚರ್ಡ್. 1971ರ ಸೆಪ್ಟೆಂಬರ್ 5. ಹ್ಯೂಸ್ಟನ್ ತಂಡದ ಹುಡುಗ, 21 ವರ್ಷ, ಆರು ಅಡಿ ಎಂಟು ಇಂಚು ಎತ್ತರ. 5-3ರ ಪಂದ್ಯ. ಮಹಾ ಬ್ಯಾಟರ್ ವಿಲ್ಲಿ ಮೇಸ್‌ನನ್ನೇ ಮೂರು ಸಲ ಸ್ಟ್ರೈಕ್‌ಔಟ್ ಮಾಡಿದ. ಎದುರಾಳಿ ಯಾರು ಗೊತ್ತಾ? ಅದೇ ಜೈಂಟ್ಸ್, ಅಷ್ಟರಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಗುಳೆ ಹೋಗಿತ್ತು. ರಿಚರ್ಡ್ ಒಳ್ಳೆ ವರ್ಷಗಳನ್ನು ಕಂಡ. 1979ರಲ್ಲಿ 313 ಸ್ಟ್ರೈಕ್‌ಔಟ್. 1980ರಲ್ಲಿ ತೋಳು ಸೋತ ಹಾಗಿದೆ, ಹಿಡಿತ ಬರುತ್ತಿಲ್ಲ ಅನ್ನತೊಡಗಿದ. ಸೋಮಾರಿ, ನಾಟಕ ಮಾಡುತ್ತಾನೆ ಎಂದು ಆಡಿಕೊಂಡವರೇ ಜಾಸ್ತಿ. ಜುಲೈ 30ರಂದು ಅಭ್ಯಾಸ ಮಾಡುತ್ತಿದ್ದಾಗ ಕುಸಿದು ಬಿದ್ದ. ಪಾರ್ಶ್ವವಾಯು. ಜೀವ ಉಳಿಯಿತು, ದೊಡ್ಡ ಲೀಗ್‌ಗೆ ಮರಳಲಾಗಲಿಲ್ಲ. ತೊಂಬತ್ತರ ದಶಕದಲ್ಲಿ ಕೆಲಕಾಲ ಹ್ಯೂಸ್ಟನ್‌ನ ಒಂದು ಸೇತುವೆಯ ಕೆಳಗೆ ಮಲಗುತ್ತಿದ್ದ. ನೋವು ಅಂದವನ ಮಾತು ನಂಬದವರ ಮೇಲಿನ ಸಿಟ್ಟು ನನಗೆ ಈಗಲೂ ಇದೆ. ಅದನ್ನು ಇಲ್ಲೇ ಬಿಡುತ್ತೇನೆ, ಸಮಯ ಕಡಿಮೆ.

ಸ್ಪೂನರ್‌ನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬೇರೆ. ಅವನ ಹೆಸರು ಉಳಿದದ್ದು ಯಾರಿಗೂ ಬೇಡವಾಗಿದ್ದ ಪಂದ್ಯದಿಂದ. ಅವನ ಕೈ ಹೋದದ್ದು ಲೆಕ್ಕಕ್ಕೇ ಸೇರದ ಪಂದ್ಯದಲ್ಲಿ. ನಿಜವಾಗಿ ಬೇಕಾಗಿದ್ದ ಪಂದ್ಯದ ಹೊತ್ತಿಗೆ ಅವನ ಹತ್ತಿರ ಏನೂ ಉಳಿದಿರಲಿಲ್ಲ.

ಆಮೇಲೆ ಅವನು ಫ್ಲಾರಿಡಾದ ವೀರೊ ಬೀಚ್‌ನಲ್ಲಿ ನೆಲೆಸಿದ. ಕಿತ್ತಳೆ ಜಾತಿಯ ಹಣ್ಣುಗಳನ್ನು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ಮ್ಯಾನೇಜರ್ ಆಗಿದ್ದ. 1984ರಲ್ಲಿ ತೀರಿಕೊಂಡ, 52 ವರ್ಷಕ್ಕೆ. ಡಾಜರ್ಸ್ ತಂಡ ಪ್ರತಿ ವಸಂತದಲ್ಲಿ ಅಭ್ಯಾಸಕ್ಕೆ ಬರುತ್ತಿದ್ದದ್ದು ಅದೇ ಊರಿಗೆ. ಅದು ಹಣ್ಣು ಪ್ಯಾಕ್ ಮಾಡುವ ಕಾಲವೂ ಹೌದು. ಶೆಡ್ಡಿನಲ್ಲಿ ಪೆಟ್ಟಿಗೆಗಳು ತುಂಬುತ್ತಿರುವಾಗ, ಅದೇ ಊರಿನ ಇನ್ನೊಂದು ಕಡೆ ಹೊಸ ಹುಡುಗರು ಸಾಲಾಗಿ ನಿಂತು, ಮೊದಲು ಮೆಲ್ಲಗೆ, ಆಮೇಲೆ ಸ್ವಲ್ಪ ಜೋರಾಗಿ, ಚೆಂಡು ಎಸೆಯುತ್ತಿದ್ದರು.

ನಮಸ್ಕಾರ.